ಬಿ2 ದಾಟಿದ ಮೇಲೆ ಫ್ರೆಂಚ್‌ಗೆ ಏನು ಓದಬೇಕು, ಏನು ಕೇಳಬೇಕು?

ಬಿ2 ಮಟ್ಟದ (ಎ1ರಿಂದ ಸಿ2ರವರೆಗಿನ ಆರು ಹಂತಗಳ ಯುರೋಪಿನ ಭಾಷಾ ಅಳತೆಯಲ್ಲಿ ನಾಲ್ಕನೆಯದು) ತನಕ ಫ್ರೆಂಚ್ ಕಲಿಕೆಗೆ ಒಂದು ಪಠ್ಯಪುಸ್ತಕ, ಒಂದು ಅಭ್ಯಾಸ ಪುಸ್ತಕ ಇದ್ದರೆ ನಡೆಯುತ್ತದೆ. ಅಲ್ಲಿಂದ ಮುಂದೆ ಸಾಮಗ್ರಿಯನ್ನು ಕಲಿಯುವವರೇ ಆರಿಸಿಕೊಳ್ಳಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ಹಂತದ ಪುಸ್ತಕಗಳನ್ನು ಅಂಗಡಿಯಲ್ಲಿ ಪುಟ ತಿರುವಿ ನೋಡಿ ಕೊಳ್ಳುವುದು ಕಷ್ಟ. ಆನ್‌ಲೈನ್‌ನಲ್ಲಿ ತರಿಸಿದ್ದು ಮಟ್ಟಕ್ಕೆ ಹೊಂದದಿದ್ದರೆ ದುಡ್ಡು ದಂಡ. ಹಾಗಾಗಿ ಕೊಳ್ಳುವ ಮುಂಚೆಯೇ ಅಳೆದು ನೋಡಿ.

ಮೊದಲು ಗುರಿ ಗೊತ್ತುಮಾಡಿಕೊಳ್ಳಿ

ಕೆನಡಾ ವಲಸೆಗೆ ಬೇಕಿರುವುದು ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಎಂಬ ಫ್ರೆಂಚ್ ಪರೀಕ್ಷೆ. ಇವುಗಳ ಓದು, ಆಲಿಕೆ ಭಾಗಗಳು ಬಹು ಆಯ್ಕೆ ಪ್ರಶ್ನೆಗಳವು. ಬಿ2ರ ಮುಂದಿನ ಮಟ್ಟದ ಡಿಪ್ಲೊಮಾ ಪರೀಕ್ಷೆಯಾದ ಡಾಲ್ಫ್ ಸಿ1 ಬೇರೆಯೇ ಜಾತಿ. ಬರವಣಿಗೆಗೇ ಎರಡೂವರೆ ಗಂಟೆ: ಕೊಟ್ಟ ಲೇಖನಗಳನ್ನು ಸೇರಿಸಿ ಸುಮಾರು 200ರಿಂದ 240 ಪದಗಳ ಸಾರಲೇಖನ, ಆಮೇಲೆ ಕನಿಷ್ಠ 250 ಪದಗಳ ವಾದಪ್ರಬಂಧ. ಬಿ2 ಮಟ್ಟದ ಡಿಪ್ಲೊಮಾ ಪರೀಕ್ಷೆಯಾದ ಡೆಲ್ಫ್ ಬಿ2ನಲ್ಲಿ ಒಂದು ಗಂಟೆಗೆ ಒಂದೇ ಬರಹ. ಬಿಟ್ಟ ಸ್ಥಳ ತುಂಬುವ ವ್ಯಾಕರಣದ ಪುಸ್ತಕ ಎಷ್ಟು ದಪ್ಪಗಿದ್ದರೂ ಸಾರಲೇಖನ ಬರೆಯಲು ಕಲಿಸುವುದಿಲ್ಲ. ಅದಕ್ಕೆ ಒಂದೇ ವಿಷಯದ ಮೇಲೆ ಭಿನ್ನ ನಿಲುವಿನ ಎರಡು ಮೂರು ಪತ್ರಿಕಾ ಲೇಖನಗಳನ್ನು ಜೋಡಿಸಿಟ್ಟುಕೊಳ್ಳಬೇಕು.

ಓದುವ ಪಠ್ಯ: 200 ಪದಗಳ ಲೆಕ್ಕ

ಪುಸ್ತಕದ ನಡುವಿನ ಒಂದು ಪುಟದಿಂದ 200 ಪದ ಎಣಿಸಿ. ಹೆಸರುಗಳನ್ನು ಬಿಟ್ಟು, ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯಿರಿ. ನಾಲ್ಕರೊಳಗಿದ್ದರೆ ನಿಘಂಟಿಲ್ಲದೆ ವೇಗವಾಗಿ ಓದಲು ಸರಿ. ಐದರಿಂದ ಹತ್ತಿದ್ದರೆ ನಿಧಾನವಾಗಿ, ಟಿಪ್ಪಣಿ ಮಾಡುತ್ತ ಓದಬೇಕಾದ್ದು. ಅದಕ್ಕೂ ಹೆಚ್ಚಾದರೆ ಸದ್ಯಕ್ಕೆ ಎತ್ತಿಡಿ. ಸಾಲಿಗೊಮ್ಮೆ ನಿಘಂಟು ತೆರೆದರೆ ವಾದದ ಎಳೆಯೇ ಕೈತಪ್ಪುತ್ತದೆ.

ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಪುಕ್ಕಟೆ ಎಂದು ಅವನ್ನೇ ಬರವಣಿಗೆಗೆ ಮಾದರಿ ಮಾಡಿಕೊಳ್ಳಬೇಡಿ. ಹತ್ತೊಂಬತ್ತನೇ ಶತಮಾನದ ಗದ್ಯದಲ್ಲಿ ಪಾಸೆ ಸಿಂಪ್ಲ್ ಎಂಬ, ಬರಹದಲ್ಲಷ್ಟೇ ಬಳಸುವ ಭೂತಕಾಲದ ಕ್ರಿಯಾರೂಪ ಹೆಜ್ಜೆಹೆಜ್ಜೆಗೂ ಬರುತ್ತದೆ. ಅದನ್ನು ಗುರುತಿಸಲು ಬರಬೇಕು, ಅಷ್ಟೆ. ಪ್ರಬಂಧಕ್ಕೆ ಇಂದಿನ ಪತ್ರಿಕೆಗಳ ಅಭಿಪ್ರಾಯ ಪುಟವೇ ಮಾದರಿ.

ಆಲಿಕೆ: ಬರಹರೂಪ ಇರಲೇಬೇಕು

ಹೆಚ್ಚಿನವರು ಎಡವುವುದು ಇಲ್ಲಿ. ಆರ್‌ಎಫ್‌ಐ ರೇಡಿಯೊದ ಹತ್ತು ನಿಮಿಷದ ಸರಳ ಫ್ರೆಂಚ್ ವಾರ್ತೆ ಒಳ್ಳೆಯದೇ, ಬರಹರೂಪವೂ ಜೊತೆಗಿರುತ್ತದೆ. ಆದರೆ ಅದು ಬಿ1, ಬಿ2ನವರಿಗೆ ಮಾಡಿದ್ದು. ಅಲ್ಲೇ ಉಳಿದರೆ ಕಿವಿ ಬೆಳೆಯುವುದಿಲ್ಲ. ಮುಂದಿನದು ಫ್ರಾನ್ಸ್ ಕುಲ್ತ್ಯೂರ್, ಫ್ರಾನ್ಸ್ ಆ್ಯಂತೆರ್ ರೇಡಿಯೊಗಳ ಸಂದರ್ಶನ, ಚರ್ಚೆ. ಅಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ, ನಿಷೇಧದ 'ನ' ನುಂಗಿಹೋಗುತ್ತದೆ. ಪುಸ್ತಕದಲ್ಲಿ 'ಜ ನ ಸೆ ಪಾ' ಎಂದು ಕಲಿತದ್ದು ಆಡುಮಾತಿನಲ್ಲಿ 'ಶೆ ಪಾ' ಎಂದು ಕೇಳುತ್ತದೆ.

ಐದಾರು ನಿಮಿಷದ ತುಣುಕು ಸಾಕು. ಒಂದು ಸಲ ಸುಮ್ಮನೆ ಕೇಳಿ ಮುಖ್ಯಾಂಶ ಬರೆಯಿರಿ. ಎರಡನೇ ಸಲ ಬಿಟ್ಟದ್ದನ್ನು ತುಂಬಿ. ಮೂರನೇ ಸಲ ಬರಹರೂಪ ಮುಂದಿಟ್ಟುಕೊಂಡು ತಪ್ಪಿದ ಕಡೆಯೆಲ್ಲ ಗುರುತು ಹಾಕಿ: ಪದವೇ ಗೊತ್ತಿರಲಿಲ್ಲವೋ, ಗೊತ್ತಿದ್ದ ಪದ ಕಿವಿಗೆ ಬೀಳಲಿಲ್ಲವೋ? ಮೊದಲನೆಯದಾದರೆ ಓದು ಹೆಚ್ಚಬೇಕು. ಎರಡನೆಯದಾದರೆ ಎಷ್ಟು ಪದಪಟ್ಟಿ ಬಾಯಿಪಾಠ ಮಾಡಿದರೂ ಫಲವಿಲ್ಲ. ಅದೇ ಬಗೆಯ ಧ್ವನಿಯನ್ನೇ ಮತ್ತೆ ಮತ್ತೆ ಕೇಳಬೇಕು. ಸಿ1 ಪರೀಕ್ಷೆಯಲ್ಲಿ ದೀರ್ಘ ಧ್ವನಿ ಎರಡು ಸಲ, ಚಿಕ್ಕವು ಒಂದೇ ಸಲ ಕೇಳಿಸುತ್ತವೆ. ಬರಹರೂಪ ಇಲ್ಲದ ಪಾಡ್‌ಕಾಸ್ಟ್ ಪ್ರಯಾಣದಲ್ಲಿ ಕೇಳಲು ಸರಿ, ಅಭ್ಯಾಸಕ್ಕಲ್ಲ.

ನಿಘಂಟು

ಇಂಗ್ಲಿಷ್–ಫ್ರೆಂಚ್ ನಿಘಂಟನ್ನು ಎರಡನೇ ಸ್ಥಾನಕ್ಕೆ ಇಳಿಸಿ. ಲಾರೂಸ್‌ನ ಫ್ರೆಂಚ್–ಫ್ರೆಂಚ್ ನಿಘಂಟು ಜಾಲತಾಣದಲ್ಲಿ ಉಚಿತ. ಅರ್ಥದ ಜೊತೆಗೆ ಯಾವ ಕ್ರಿಯಾಪದಕ್ಕೆ ಯಾವ ಅವ್ಯಯ ಹತ್ತುತ್ತದೆ ಎಂಬುದನ್ನೂ ಉದಾಹರಣೆ ಸಮೇತ ಬರೆದುಕೊಳ್ಳಿ. 1990ರ ಕಾಗುಣಿತ ತಿದ್ದುಪಡಿಯಿಂದಾಗಿ ಕೆಲವು ಪದಗಳಿಗೆ ಎರಡು ರೂಪಗಳಿವೆ. ಎರಡೂ ಸರಿ, ಒಂದೇ ಬರಹದಲ್ಲಿ ಬೆರೆಸಬೇಡಿ.

ಮಾತಿಗೆ ನಮ್ಮೂರಿನ ವಿಷಯ

ತುಂಗಭದ್ರಾ ನೀರಿನ ಹಂಚಿಕೆ, ಆನೆಗೊಂದಿಯ ಪ್ರವಾಸೋದ್ಯಮ, ತೋರಣಗಲ್ಲಿನ ಉಕ್ಕು, ಬಳ್ಳಾರಿಯ ಜೀನ್ಸ್ ಉದ್ಯಮ: ಇವುಗಳ ಮೇಲೆ ಹತ್ತು ನಿಮಿಷ ಫ್ರೆಂಚ್‌ನಲ್ಲಿ ವಾದಿಸಿ, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ. ವಿಷಯ ಗೊತ್ತಿರುವುದರಿಂದ ಎಲ್ಲಿ ತಡವರಿಸಿದರೂ ಅದು ಭಾಷೆಯ ಕೊರತೆಯೇ. ಆ ಜಾಗದ ಪದಗಳೇ ಮರುದಿನದ ಪಾಠ. ಬರೆದದ್ದನ್ನು ಮಾತ್ರ ಬಲ್ಲವರಿಂದ ತಿದ್ದಿಸಲೇಬೇಕು. ಮೂರನೇ ಪುಸ್ತಕದ ದುಡ್ಡನ್ನು ಆನ್‌ಲೈನ್ ಶಿಕ್ಷಕರಿಗೆ ಕೊಡುವುದೇ ಲೇಸು.

ಕೊಳ್ಳುವಾಗ

ಮೊದಲು ಡೆಲ್ಫ್, ಡಾಲ್ಫ್ ಪರೀಕ್ಷೆಗಳ ಹೊಣೆ ಹೊತ್ತ ಫ್ರಾನ್ಸ್ ಎಜುಕಾಸಿಯೋಂ ಆ್ಯಂತೆರ್ನಾಸಿಯೊನಾಲ್ ಸಂಸ್ಥೆಯ ತಾಣದ ಉಚಿತ ಮಾದರಿ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ನಾಲ್ಕು ಭಾಗಕ್ಕೆ ತಲಾ 25 ಅಂಕ. ಒಟ್ಟು 50 ಬಂದರೂ ಯಾವುದೋ ಒಂದರಲ್ಲಿ 5ಕ್ಕಿಂತ ಕಡಿಮೆಯಾದರೆ ಫೇಲು. ತೀರಾ ಸೊರಗಿದ ಭಾಗಕ್ಕಷ್ಟೇ ಪುಸ್ತಕ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಮುದ್ರಣದ ವರ್ಷ ನೋಡಿ: ಡೆಲ್ಫ್ ಬಿ2 ಪ್ರಶ್ನೆಪತ್ರಿಕೆ 2020ರಿಂದ ಹಂತಹಂತವಾಗಿ ಹೊಸ ಮಾದರಿಗೆ ಹೊರಳಿತು, ಹಳೆಯ ಅಭ್ಯಾಸ ಪುಸ್ತಕಗಳ ಓದು, ಆಲಿಕೆ ಪ್ರಶ್ನೆಗಳು ಈಗಿನವಕ್ಕೆ ಹೊಂದುವುದಿಲ್ಲ. ಉತ್ತರಪಟ್ಟಿ ಅದರಲ್ಲೇ ಇದೆಯೇ, ಧ್ವನಿ ಡೌನ್‌ಲೋಡ್ ಆಗುತ್ತದೆಯೇ ಎಂದೂ ಮಾರುವವರನ್ನು ಕೇಳಿ. ಸಿಡಿ ಮಾತ್ರ ಇದ್ದರೆ, ಅದನ್ನು ಓಡಿಸುವ ಯಂತ್ರ ಮನೆಯಲ್ಲಿ ಇದೆಯೇ ನೋಡಿಕೊಳ್ಳಿ.