ಗ್ಯಾಸ್ ಗೀಸರ್ ಹತ್ತದಿದ್ದರೆ ಮೊದಲು ನೀರು ನೋಡಿ

ಮನೆಯಲ್ಲಿರುವ ಮಾಮೂಲಿ 6 ಲೀಟರ್‌ನ ಗ್ಯಾಸ್ ಗೀಸರ್‌ಗೆ ಉರಿ ಹಚ್ಚುವುದು ನೀರೇ. ನಳ ತಿರುವಿದಾಗ ಒಳಗೆ ಹರಿಯುವ ನೀರು ಒಂದು ರಬ್ಬರ್ ಡಯಾಫ್ರಾಮನ್ನು ಸರಿಸುತ್ತದೆ. ಅದಕ್ಕೆ ತಾಗಿದ ಕಡ್ಡಿ ಮೈಕ್ರೋ ಸ್ವಿಚ್ ಚಾಲೂ ಮಾಡುತ್ತದೆ. ಕಿಡಿ, ಗ್ಯಾಸು ಎಲ್ಲ ಆಮೇಲೆ. ‘ಗೀಸರ್ ಹತ್ತವಲ್ದು’ ಅಂದ ಕೂಡಲೇ ಕಿಡಿ ಹಾರಿಸುವ ಸರ್ಕಿಟ್ ಬದಲಿಸಲು ಹೊರಟರೆ ಬಹಳ ಸಲ ದುಡ್ಡು ಸುಮ್ಮನೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ಮಲಪ್ರಭಾ ನೀರು ಬರುವುದು ಕೆಲವು ದಿನಕ್ಕೊಮ್ಮೆ. ಅದು ಸಂಪಿನಲ್ಲಿ ನಿಂತು, ಮಾಳಿಗೆ ಮೇಲಿನ ಟ್ಯಾಂಕಿಗೆ ಏರಿ, ತಳದ ಉಸುಕಿನ ಸಮೇತ ಗೀಸರ್‌ಗೆ ಇಳಿಯುತ್ತದೆ. ಬೋರ್ ನೀರು ಕೂಡಿಸಿದ್ದರೆ ಸುಣ್ಣದ ಕಾಟ ಬೇರೆ. ನಾನು ಬಿಚ್ಚಿದವುಗಳಲ್ಲಿ ಹೆಚ್ಚಿನವು ನೀರಿನ ಕಡೆಯಿಂದಲೇ ಕೆಟ್ಟಿದ್ದವು.

ಮೊದಲು ಕಿವಿಗೊಟ್ಟು ಕೇಳಬೇಕು. ಬಿಸಿನೀರಿನ ನಳ ಪೂರ್ತಿ ತಿರುವಿದಾಗ ಕಿಡಿಯ ಟಿಕ್‌ಟಿಕ್ ಸಪ್ಪಳ ಬರುತ್ತದೆಯೋ ಇಲ್ಲವೋ? ಸಪ್ಪಳ ಇಲ್ಲದಿದ್ದರೆ ಸೆಲ್ಲು ಅಥವಾ ನೀರು. ಸಪ್ಪಳ ಇದ್ದೂ ಉರಿ ಇಲ್ಲದಿದ್ದರೆ ಗ್ಯಾಸು.

ಸೆಲ್ಲು ಎರಡು, ದೊಡ್ಡ ಸೈಜಿನವು, ತಲಾ 1.5 ವೋಲ್ಟ್. ಎರಡೂ ಕೂಡಿ 2.5 ವೋಲ್ಟಿಗಿಂತ ಕೆಳಗಿಳಿದಿದ್ದರೆ ಬದಲಿಸಿ. ಹಳೆಯದೊಂದು ಹೊಸದೊಂದು ಹಾಕಬೇಡಿ. ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದ್ದರೆ ಲಿಂಬೆರಸ ಹಚ್ಚಿ, ತಿಕ್ಕಿ, ಒರೆಸಿ ಒಣಗಿಸಿ.

ಸೆಲ್ಲು ಸರಿಯಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಮುಚ್ಚಳ ತೆಗೆದು, ಮೈಕ್ರೋ ಸ್ವಿಚ್ಚಿನ ಪಟ್ಟಿಯನ್ನು ಬೆರಳಿನಿಂದ ಸರಿಸಿ ನೋಡಿ. ಟಿಕ್‌ಟಿಕ್ ಬಂದರೆ ಸರ್ಕಿಟ್ ಜೀವಂತ ಇದೆ, ದೋಷ ನೀರಿನಲ್ಲಿ. ಈ ಒಂದು ಪರೀಕ್ಷೆ ಮಾಡದೆ ಯಾರಿಗೂ ಸರ್ಕಿಟ್ ಬದಲಿಸಲು ಬಿಡಬಾರದು.

ನೀರಿನ ಕಡೆ ಮೂರು ಜಾಗ. ಒಳಬರುವ ಪೈಪಿನ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ಪಾನಾದಿಂದ ನಟ್ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಅರ್ಧದಷ್ಟು ಗೀಸರ್‌ಗಳು ಅಲ್ಲಿಗೇ ಸರಿಯಾಗುತ್ತವೆ.

ಎರಡನೆಯದು ಡಯಾಫ್ರಾಮ್. ಹಿತ್ತಾಳೆಯ ಗೂಡಿನ ಸ್ಕ್ರೂಗಳನ್ನು ತೆಗೆದರೆ ನಾಣ್ಯಕ್ಕಿಂತ ದೊಡ್ಡದಾದ ಕಪ್ಪು ರಬ್ಬರ್ ಬಿಲ್ಲೆ ಸಿಗುತ್ತದೆ. ಬೆಳಕಿಗೆ ಹಿಡಿದು, ಮಡಿಕೆಯ ಗೆರೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಎರಡೂ ಬದಿಯ ಒತ್ತಡ ಸಮವಾಗಿ ಕಡ್ಡಿ ಅಲುಗುವುದಿಲ್ಲ. ರಬ್ಬರ್ ಚೆನ್ನಾಗಿದ್ದರೆ ಗೂಡಿನೊಳಗಿನ ಸಣ್ಣ ರಂಧ್ರ ನೋಡಿ. ಹರಿವಿನಿಂದ ಒತ್ತಡದ ಅಂತರ ಹುಟ್ಟುವುದು ಅದರ ಮೂಲಕ. ಅದಕ್ಕೆ ಒಂದು ಉಸುಕಿನ ಹರಳು ಕೂತರೂ ನೀರು ಧೋ ಅಂತ ಬಂದರೂ ಗೀಸರ್ ಮಾತ್ರ ಹತ್ತುವುದಿಲ್ಲ. ತೆಳು ತಾಮ್ರದ ತಂತಿ ಹಾಯಿಸಿ. ಕಡ್ಡಿಗೆ ಸಿಲಿಕಾನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ, ಮಶಿನ್ ಎಣ್ಣೆ ಬೇಡ, ರಬ್ಬರ್ ಉಬ್ಬುತ್ತದೆ. ಸ್ಕ್ರೂಗಳನ್ನು ಎದುರು-ಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಹೊಸ ಡಯಾಫ್ರಾಮ್ ತರುವಾಗ ಹಳೆಯದನ್ನು ಒಯ್ಯಿರಿ. ಕಂಪನಿ ಒಂದೇ ಇದ್ದರೂ ಅಳತೆ ಬೇರೆ ಇರುತ್ತದೆ.

ಮೂರನೆಯದು ಟ್ಯಾಂಕಿಯ ಎತ್ತರ. 1 ಮೀಟರ್ ಎತ್ತರದ ನೀರಿಗೆ ಸುಮಾರು 0.1 ಬಾರ್ ಒತ್ತಡ. ಮೇಲಿನ ಮಹಡಿಯ ಬಚ್ಚಲಿಗೆ ಟ್ಯಾಂಕಿ ನೆತ್ತಿಯ ಮೇಲೇ ಇದ್ದರೆ ಶವರ್‌ಗೆ ಒಂದೂವರೆ ಮೀಟರ್ ಸಿಗುವುದೂ ಕಷ್ಟ, ಅಷ್ಟು ಕಡಿಮೆ ಒತ್ತಡಕ್ಕೆ ಡಯಾಫ್ರಾಮ್ ಸರಿಯದೇ ಇರಬಹುದು. ಕೆಳಗಿನ ನಳದಲ್ಲಿ ಹತ್ತಿ ಶವರ್‌ನಲ್ಲಿ ಆರಿದರೆ ಇದೇ ಕಾರಣ. ಟ್ಯಾಂಕಿಗೆ ಕಟ್ಟೆ ಕಟ್ಟಿಸಿ, ಇಲ್ಲವೇ ಸಣ್ಣ ಪ್ರೆಶರ್ ಪಂಪ್ ಹಾಕಿಸಿ.

ಟಿಕ್‌ಟಿಕ್ ಬಂದು ಉರಿ ಬರದಿದ್ದರೆ, ಹೊಸ ಸಿಲಿಂಡರ್ ಹಚ್ಚಿದ ಮೇಲೆ ಪೈಪಿನಲ್ಲಿ ಗಾಳಿ ನಿಂತಿರಬಹುದು. ನಳವನ್ನು ಎರಡು-ಮೂರು ಸಲ ಬಂದ್ ಮಾಡಿ ಬಿಡಿ, ನಡುವೆ ಅರ್ಧ ನಿಮಿಷ ತಡೆಯಿರಿ. ಗ್ಯಾಸಿನ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಸಾಬೂನು ನೀರು ಹಚ್ಚಿ ಸೋರಿಕೆ ಹುಡುಕಿ. ಉರಿ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಿದರೆ ಬರ್ನರ್ ಬಳಿ ಉರಿ ಇದೆಯೋ ಇಲ್ಲವೋ ಗುರುತಿಸುವ ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿರುತ್ತದೆ. ನುಣುಪಾದ ಪಾಲಿಶ್ ಪೇಪರ್‌ನಿಂದ ತಿಕ್ಕಿ, ತುದಿ ಉರಿಯೊಳಗೇ ಇರುವಂತೆ ನೋಡಿಕೊಳ್ಳಿ. ಸರಿಯಾಗಿ 20 ನಿಮಿಷಕ್ಕೆ ಆರಿದರೆ ಅದು ಕೆಟ್ಟಿದ್ದಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಟೈಮರ್ ಇರುತ್ತದೆ.

ಉರಿ ಚೆನ್ನಾಗಿದ್ದು, ಜಾಲರಿ ಸ್ವಚ್ಛ ಇದ್ದು, ನೀರಿನ ಧಾರೆ ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದ್ದರೆ ನೀರು ಕಾಯುವ ತಾಮ್ರದ ಸುರುಳಿಯಲ್ಲಿ ಸುಣ್ಣ ಕಟ್ಟಿದೆ. ಗದಗ ಕಡೆಯ ಬೋರ್ ನೀರಿನಲ್ಲಿ ಇದು ತಪ್ಪದು. ಗ್ಯಾಸ್ ಬಂದ್ ಮಾಡಿ, ಸೆಲ್ಲು ತೆಗೆದು, ಒಳ-ಹೊರ ಎರಡೂ ಬಾಯಿಗೆ ಪೈಪ್ ಸಿಕ್ಕಿಸಿ ಗೀಸರ್‌ಗಿಂತ ಎತ್ತರಕ್ಕೆ ಕಟ್ಟಿ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 60 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಹೊರಬಾಯಿಯ ಪೈಪಿನಿಂದ ನಿಧಾನಕ್ಕೆ ಸುರಿಯಿರಿ. ಇನ್ನೊಂದು ಪೈಪಿನಲ್ಲಿ ನೀರು ಕಾಣಿಸಿದಾಗ ನಿಲ್ಲಿಸಿ. ಗುಳ್ಳೆ ಏಳುತ್ತದೆ, ಪೈಪಿನ ಬಾಯಿ ಮುಚ್ಚಬೇಡಿ. ಮುಕ್ಕಾಲು ತಾಸು ಬಿಟ್ಟು ಎರಡು ಬಕೆಟ್ ನೀರು ಹಾಯಿಸಿ. ಬಚ್ಚಲು ತೊಳೆಯುವ ಆಸಿಡ್ ಖಂಡಿತ ಬೇಡ, ಬೆಸುಗೆಯನ್ನೇ ತಿನ್ನುತ್ತದೆ.

ಉರಿ ನೀಲಿಯಾಗಿರಬೇಕು. ಹಳದಿಯಾಗಿದ್ದರೆ ಬರ್ನರ್‌ನ ಗಾಳಿ ರಂಧ್ರಗಳಲ್ಲಿ ಧೂಳು, ಜೇಡರಬಲೆ ತುಂಬಿದೆ. ಬ್ರಶ್ಶಿನಿಂದ ಸ್ವಚ್ಛ ಮಾಡುವ ತನಕ ಬಳಸಬೇಡಿ. ಅರೆಬರೆ ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಸ್ನಾನಕ್ಕೆ ನಿಂತವರು ಎಚ್ಚರ ತಪ್ಪಿ ಬೀಳುತ್ತಾರೆ, ಕೂಗಲೂ ಆಗುವುದಿಲ್ಲ. ಬಚ್ಚಲೊಳಗೆ ಗೀಸರ್ ಕಂಡರೆ ನಾನು ರಿಪೇರಿಗಿಂತ ಮೊದಲು ಅದನ್ನು ಹಿತ್ತಲಿನ ತೆರೆದ ಗೋಡೆಗೆ ಸಾಗಿಸಲು ಹೇಳುತ್ತೇನೆ. ಒಳಗೆ ಬಿಸಿನೀರಿನ ಪೈಪ್ ಒಂದು ಬಂದರೆ ಸಾಕು.