ಊರಲ್ಲಿ ಸೋಂಕಿದ್ದಾಗ ಮದುವೆಗೆ ಹೋಗಬೇಕಾ? ಹೀಗೆ ಲೆಕ್ಕ ಹಾಕಿ

"ನನ್ನ ಜೀವ, ನನ್ನಿಷ್ಟ." 2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆ ಏರುತ್ತಿದ್ದಾಗ, ನಮ್ಮ ಮನೆಯಲ್ಲೂ ಈ ಮಾತು ಬಂತು. ಅಪಾಯ ನಿಮ್ಮೊಬ್ಬರದೇ ಆಗಿದ್ದರೆ ಯಾರನ್ನೂ ಕೇಳಬೇಕಿಲ್ಲ. ಆದರೆ ಈ ಸೋಂಕು ಜ್ವರ, ಕೆಮ್ಮು ಏನೂ ಇಲ್ಲದವರಿಂದಲೂ ಹರಡುತ್ತದೆ.

ಹಾಗಾಗಿ ಮೊದಲು ಮನೆಯಲ್ಲಿ ಯಾರ್ಯಾರಿದ್ದಾರೆ ನೋಡಿ. ನಮ್ಮಲ್ಲಿ ಶುಗರ್ ಇರುವ ಅತ್ತೆ ಇದ್ದಾರೆ. ಅಂಥವರ ಪರವಾಗಿ ನೀವೇ ತೀರ್ಮಾನ ಮಾಡಬೇಡಿ, ಕೂರಿಸಿಕೊಂಡು ಕೇಳಿ. "ತಮ್ಮನ ಮಗಳ ಧಾರೆ ನೋಡದೆ ಇರಲ್ಲ" ಎಂದರು ನಮ್ಮತ್ತೆ. ಅದೂ ಅವರ ಹಕ್ಕೇ ಅಲ್ವಾ?

ಆಮೇಲೆ ಜಾಗ. ಕಿಟಕಿ ಮುಚ್ಚಿದ ಎಸಿ ಹಾಲ್‌ಗಿಂತ ಮನೆ ಮುಂದಿನ ಚಪ್ಪರ ಎಷ್ಟೋ ವಾಸಿ, ಗಾಳಿ ಆಡುತ್ತದೆ. ಧಾರೆ ಹೊತ್ತಿಗೆ ಎಲ್ಲರ ಮುಖದ ಮೇಲೂ ಮಾಸ್ಕ್ ಇರುತ್ತದೆ. ಊಟದ ಪಂಕ್ತಿಯಲ್ಲಿ ಅದು ಗದ್ದಕ್ಕೆ ಇಳಿಯುತ್ತದೆ. ಹೆಗಲಿಗೆ ಹೆಗಲು ತಾಗಿಸಿ ಕೂತು, "ಇನ್ನೊಂದು ಹೋಳಿಗೆ ಹಾಕ್ರಿ" ಎಂದು ಕೂಗಾಟ. ಅಪಾಯ ಜಾಸ್ತಿ ಅಲ್ಲೇ. ನಾವು ಅಕ್ಷತೆ ಹಾಕಿ, ಊಟ ಡಬ್ಬಿಗೆ ಹಾಕಿಸಿಕೊಂಡು ಬಂದೆವು. ನೆಂಟರು ಮುಖ ಊದಿಸಿಕೊಂಡರು, ಇರಲಿ.

ಲಕ್ಷಣ ಕಾಣಲು 14 ದಿನದವರೆಗೂ ಹಿಡಿಯಬಹುದು. ಅಷ್ಟು ದಿನ ಮನೆಗೆಲಸದವರಿಗೆ ಸಂಬಳ ಕೊಟ್ಟೇ ರಜೆ ಕೊಡಿ. ಮದುವೆಗೆ ಹೋಗಿದ್ದು ನೀವು, ಅವರಲ್ಲ.

ಜ್ವರ ಬಂದರೆ ಬೆರಳಿಗೆ ಆಕ್ಸಿಮೀಟರ್ (ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ ಪುಟ್ಟ ಯಂತ್ರ) ಹಾಕಿ ನೋಡಿ. 94ಕ್ಕಿಂತ ಕೆಳಗಿಳಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಉಸಿರಾಡಲು ಕಷ್ಟವಾದರೆ ನಂಬರ್ ಎಷ್ಟೇ ಇರಲಿ, ಹೊರಡಿ. ಹಾಂ, ಮದುವೆಗೆಂದು ಹಚ್ಚಿದ ನೇಲ್ ಪಾಲಿಶ್ ಮೊದಲು ಒರೆಸಿ, ಇಲ್ಲದಿದ್ದರೆ ನಂಬರ್ ತಪ್ಪು ಬರಬಹುದು.