ಮಂಡಿಯ ಮೆನಿಸ್ಕಸ್ ಹರಿದಿದೆಯೇ? ಎಂಆರ್‌ಐ ಚಿತ್ರ ನೋಡುವ ಕ್ರಮ

ದಾದರ್, ಕುರ್ಲಾ ನಿಲ್ದಾಣಗಳ ಮೆಟ್ಟಿಲುಗಳನ್ನು ದಿನವೂ ಹತ್ತಿಳಿಯುವ, ಹೋಟೆಲಿನ ಅಡುಗೆಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತೇಳುವ ಮುಂಬೈ ಕನ್ನಡಿಗರಿಗೆ ಮಂಡಿನೋವು ಹೊಸತಲ್ಲ. ತೊಡೆಯೆಲುಬಿಗೂ ಅದರ ಕೆಳಗಿನ ಎಲುಬಿಗೂ ನಡುವೆ, ಒಳಬದಿಗೊಂದು ಹೊರಬದಿಗೊಂದರಂತೆ ಇರುವ ಅರ್ಧಚಂದ್ರಾಕಾರದ ಮೃದ್ವಸ್ಥಿಯೇ ಮೆನಿಸ್ಕಸ್. ಎಕ್ಸ್‌ರೇಯಲ್ಲಿ ಅದು ಕಾಣದ ಕಾರಣ ವೈದ್ಯರು ಎಂಆರ್‌ಐ ಬರೆದುಕೊಡುತ್ತಾರೆ.

ಮೊದಲು ಪಕ್ಕದ ನೋಟದ, ಅಂದರೆ ಸ್ಯಾಜಿಟಲ್ ಚಿತ್ರಗಳನ್ನು ಸಾಲಾಗಿ ನೋಡಬೇಕು. ಆರೋಗ್ಯವಂತ ಮೆನಿಸ್ಕಸ್ ಪೂರ್ತಿ ಕಪ್ಪಗಿರುತ್ತದೆ. ಅಂಚಿನ ಚಿತ್ರಗಳಲ್ಲಿ ಬೋ ಟೈ ಆಕಾರದಲ್ಲಿಯೂ, ಮಧ್ಯದತ್ತ ಬಂದಂತೆ ಎದುರುಬದುರಾದ ಎರಡು ತ್ರಿಕೋನಗಳಾಗಿಯೂ ಕಾಣುತ್ತದೆ. ಒಳಬದಿಯದರಲ್ಲಿ ಹಿಂದಿನ ತ್ರಿಕೋನ ಮುಂದಿನದಕ್ಕಿಂತ ದೊಡ್ಡದಿರಬೇಕು. ಅದೇ ಚಿಕ್ಕದಾಗಿದ್ದರೆ, ಹರಿದ ತುಂಡು ಬೇರೆಡೆ ಸರಿದಿರಬಹುದೆಂದು ಹುಡುಕಬೇಕು.

ನಂತರದ್ದೇ ಮುಖ್ಯ ಹಂತ. ಕಪ್ಪು ತ್ರಿಕೋನದೊಳಗೆ ಬಿಳಿಯ ಗೆರೆ ಕಂಡೊಡನೆ ಅದನ್ನು ಹರಿತವೆಂದು, ಅಂದರೆ ಮೆನಿಸ್ಕಸ್ ಹರಿದಿದೆಯೆಂದು, ತೀರ್ಮಾನಿಸಬಾರದು. ಆ ಗೆರೆ ಮೇಲಿನ ಅಥವಾ ಕೆಳಗಿನ ಮೇಲ್ಮೈಯನ್ನು ಮುಟ್ಟುತ್ತದೆಯೇ, ಮುಟ್ಟುವುದು ಕನಿಷ್ಠ 2 ಚಿತ್ರಗಳಲ್ಲಿ ಕಾಣುತ್ತದೆಯೇ ಎಂಬುದನ್ನು ಗಮನಿಸಬೇಕು. ಎರಡರಲ್ಲಿ ಕಂಡರೆ ಹರಿದಿರುವ ಸಾಧ್ಯತೆ ಬಹಳ ಹೆಚ್ಚು, ಒಂದರಲ್ಲಷ್ಟೇ ಕಂಡರೆ ಅದು ಶಂಕೆ ಮಾತ್ರ. ವರದಿಯಲ್ಲಿ ‘ಗ್ರೇಡ್ 2’ ಎಂದು ಓದಿ ಶಸ್ತ್ರಚಿಕಿತ್ಸೆಯ ಚಿಂತೆಗೆ ಬೀಳುವವರು ಇದನ್ನು ತಿಳಿಯಲೇಬೇಕು: ಗ್ರೇಡ್ 1 ಮತ್ತು 2 ಮೇಲ್ಮೈಯನ್ನು ತಲುಪದ ಒಳಗಿನ ಬದಲಾವಣೆಗಳು, ಹರಿತವೆನಿಸುವುದು ಗ್ರೇಡ್ 3.

ಬಳಿಕ ಎದುರು ನೋಟದ ಕೊರೊನಲ್ ಚಿತ್ರಗಳು. ಮೆನಿಸ್ಕಸ್ ಕೆಳಗಿನ ಎಲುಬಿನ ಅಂಚಿನಿಂದ 3 ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಸರಿದಿದ್ದರೆ ಅದರ ಬೇರು, ಅಂದರೆ ಎಲುಬಿಗೆ ಅಂಟಿದ ತುದಿ, ಕಿತ್ತಿರುವ ಸಂಶಯ ಬಲಗೊಳ್ಳುತ್ತದೆ. ಸ್ಯಾಜಿಟಲ್ ಚಿತ್ರದಲ್ಲಿ ಹಿಂದಿನ ಕ್ರೂಸಿಯೇಟ್ ಲಿಗಮೆಂಟಿನ (ಮಂಡಿಯ ನಡುವೆ ಎರಡು ಎಲುಬುಗಳನ್ನು ಬಂಧಿಸುವ ಪಟ್ಟಿ) ಮುಂದೆ, ಅದಕ್ಕೆ ಸಮಾಂತರವಾಗಿ ಇನ್ನೊಂದು ಕಪ್ಪು ಪಟ್ಟಿ ಕಂಡರೆ ಅದು ಬಕೆಟ್ ಹ್ಯಾಂಡಲ್ ಹರಿತದ, ಅಂದರೆ ಹರಿದ ತುಂಡು ಬಕೆಟ್ಟಿನ ಹಿಡಿಯಂತೆ ಮಂಡಿಯ ನಡುವಿಗೆ ಸರಿದಿರುವುದರ, ಲಕ್ಷಣ. ಇಂಥವರಲ್ಲಿ ಮಂಡಿ ಪೂರ್ತಿ ನೇರವಾಗದೆ ಸಿಕ್ಕಿಕೊಳ್ಳಬಹುದು, ಆಗ ಮೂಳೆ ವೈದ್ಯರನ್ನು ಕಾಣಲು ತಡಮಾಡಬಾರದು.

ಹೊರಬದಿಯ ಮೆನಿಸ್ಕಸ್ಸಿನ ಹಿಂಭಾಗದಲ್ಲಿ ಪಾಪ್ಲಿಟಿಯಸ್ ಎಂಬ ಮಂಡಿ ಹಿಂಭಾಗದ ಸ್ನಾಯುವಿನ ರಜ್ಜು, ಮುಂಭಾಗದಲ್ಲಿ ಎರಡು ಮೆನಿಸ್ಕಸ್‌ಗಳನ್ನು ಜೋಡಿಸುವ ಅಡ್ಡ ಲಿಗಮೆಂಟ್ ಹಾದುಹೋಗುವಲ್ಲಿ ಮೂಡುವ ಗೆರೆಗಳು ಹರಿತದಂತೆಯೇ ತೋರುವುದರಿಂದ, ಅಂತಿಮ ನಿರ್ಣಯವನ್ನು ರೇಡಿಯಾಲಜಿಸ್ಟರಿಗೇ ಬಿಡಬೇಕು. ನಡುವಯಸ್ಸು ದಾಟಿದವರಲ್ಲಿ ನೋವೇ ಇಲ್ಲದ ಮಂಡಿಯಲ್ಲೂ ಹರಿತ ಕಾಣುವುದುಂಟು. ಆದ್ದರಿಂದ ನೋವು ಯಾವ ಬದಿಯಲ್ಲಿದೆ, ಪೆಟ್ಟು ಯಾವಾಗ ಬಿತ್ತು ಎಂಬುದನ್ನು ಸ್ಕ್ಯಾನಿಗೆ ಮುನ್ನವೇ ಹೇಳಿರಿ. ಹಿಂದೆ ಮೆನಿಸ್ಕಸ್ಸಿಗೆ ಹೊಲಿಗೆ ಹಾಕಿಸಿದ್ದರೆ, ಗುಣವಾದ ಮೇಲೂ ಬಿಳಿಯ ಗೆರೆ ಉಳಿದಿರಬಹುದಾದ ಕಾರಣ, ಆ ಶಸ್ತ್ರಚಿಕಿತ್ಸೆಯ ಕಾಗದಪತ್ರ ಮತ್ತು ಹಳೆಯ ಫಿಲ್ಮುಗಳನ್ನೂ ಜೊತೆಗೆ ಒಯ್ಯಿರಿ.